ಹೊಸ ಗ್ರಾಫಿಕ್ಸ್ ಕಾರ್ಡ್‌ಗೆ ಹಳೆಯ ಪವರ್ ಸಪ್ಲೈ ಸಾಕೇ?

ಪ್ರಶ್ನೆ: ನನ್ನ ಗೇಮಿಂಗ್ ಕಂಪ್ಯೂಟರಿನಲ್ಲಿ ಕೋರ್ ಐ5-10400 ಪ್ರೊಸೆಸರ್, 450 ವಾಟ್‌ನ ಪವರ್ ಸಪ್ಲೈ ಹಾಗೂ 60 ಹರ್ಟ್ಸ್‌ನ ಫುಲ್ ಎಚ್‌ಡಿ ಮಾನಿಟರ್ ಇವೆ. ಆರ್‌ಟಿಎಕ್ಸ್ 4070 ಕಾರ್ಡ್ ಹಾಕಿಸಬಹುದೇ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಪದೇ ಪದೇ ಹೋಗುತ್ತದೆ.
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಹಾಕಿಸಬಹುದು, ಆದರೆ ಈಗಿರುವ ಪವರ್ ಸಪ್ಲೈ ಇಟ್ಟುಕೊಂಡು ಬೇಡ. ಆ ಕಾರ್ಡ್ ಒಂದಕ್ಕೇ 200 ವಾಟ್ ಬೇಕು. ಮದರ್‌ಬೋರ್ಡಿನ ಸ್ಲಾಟ್ ಕೊಡಬಲ್ಲದ್ದು 75 ವಾಟ್ ಮಾತ್ರವಾದ್ದರಿಂದ ಉಳಿದದ್ದು ಪವರ್ ಸಪ್ಲೈನ ಪ್ರತ್ಯೇಕ ಕೇಬಲ್ಲಿನಿಂದಲೇ ಬರಬೇಕು. ಈ ಕಾರ್ಡಿನ ಚಿಪ್ ತಯಾರಕ ಎನ್‌ವಿಡಿಯಾ ಇಡೀ ಕಂಪ್ಯೂಟರಿಗೆ ಸೂಚಿಸುವುದು 650 ವಾಟ್‌ನ ಸಪ್ಲೈ. ಇಷ್ಟಕ್ಕೂ ನಿಮ್ಮ ಮಾನಿಟರ್ ಸೆಕೆಂಡಿಗೆ 60ಕ್ಕಿಂತ ಹೆಚ್ಚು ಫ್ರೇಮ್‌ಗಳನ್ನು ತೋರಿಸಲಾರದು; ಅದನ್ನು ಬದಲಿಸುವ ಯೋಚನೆ ಇಲ್ಲದಿದ್ದರೆ 115 ವಾಟ್‌ನ ಆರ್‌ಟಿಎಕ್ಸ್ 4060 ಧಾರಾಳವಾಯಿತು, ಅದಕ್ಕೆ 550 ವಾಟ್‌ನ ಸಪ್ಲೈ ಸಾಕು. ಉಳಿದ ಹಣವನ್ನು ಮಾನಿಟರಿಗೆ ಹಾಕುವುದೇ ಜಾಣತನವೆಂದು ನನಗನ್ನಿಸುತ್ತದೆ. ಕಾರ್ಡ್ ಯಾವುದೇ ಆಗಲಿ, ಕ್ಯಾಬಿನೆಟ್ಟಿನೊಳಗಿನ ಉದ್ದವನ್ನು ಮೊದಲು ಅಳೆದುಕೊಳ್ಳಿ.

ಗಾಳಿಮಳೆಗೆ ಮರ ಬಿದ್ದು ಲೈನ್ ಕಡಿಯುವ ಕೊಡಗಿನಲ್ಲಿ ಯುಪಿಎಸ್ ಇರಲೇಬೇಕು. ಅದನ್ನು ಕೊಳ್ಳುವಾಗ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ವಿಎ (ವೋಲ್ಟ್-ಆಂಪಿಯರ್) ಅಂಕಿಯನ್ನಲ್ಲ, ಮೂಲೆಯಲ್ಲಿ ಸಣ್ಣದಾಗಿರುವ ವಾಟ್ ಅಂಕಿಯನ್ನು ನೋಡಿ; 600 ವಿಎ ಎಂದರೆ ಅನೇಕ ಸಲ 360 ವಾಟ್ ಮಾತ್ರ.