ಮೈಸೂರಿನ ಅಪ್ಪನ ಮನೆ ಮಾರಬೇಕು, ಮೂವರು ಬ್ರೋಕರ್ ಬಂದಿದ್ದಾರೆ. ಯಾರನ್ನು ನಂಬುವುದು?

ನೀವು ಬೆಂಗಳೂರಿನಲ್ಲಿದ್ದೀರಿ, ಅಪ್ಪ ತೀರಿಕೊಂಡ ಮೇಲೆ ಮೈಸೂರಿನ ಮನೆಗೆ ಬೀಗ ಬಿದ್ದಿದೆ. ಒಬ್ಬ ಬ್ರೋಕರ್ ಎಲ್ಲರಿಗಿಂತ ಜಾಸ್ತಿ ರೇಟ್ ಹೇಳಿದ್ದಾರೆ. ಇನ್ನೊಬ್ಬರು ಐದು ಲಕ್ಷ ಅಡ್ವಾನ್ಸ್ ಕೊಟ್ಟು ತಮ್ಮ ಹೆಸರಿಗೇ ಅಗ್ರಿಮೆಂಟ್ ಮಾಡಿಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಮೂರನೆಯವರು ಶೇ 2 ಕಮಿಷನ್ ಕೇಳುತ್ತಿದ್ದಾರೆ. ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ಕಥೆ ಅನ್ನಿಸಿತು. ಕುವೆಂಪುನಗರದಲ್ಲಿದ್ದ ನಮ್ಮಪ್ಪನ 30x40ರ ಹಳೇ ಮನೆಯನ್ನು ನಾವೂ ಹೀಗೇ ಮಾರಿದೆವು. ನಾನು ವಕೀಲನಲ್ಲ, ಬ್ರೋಕರೂ ಅಲ್ಲ. ಸುಮ್ನೆ ಅನುಭವ ಹೇಳ್ತೀನಿ.

ನಮ್ಮಲ್ಲಿಗೂ ಮೊದಲು ಬಂದದ್ದು ಜಾಸ್ತಿ ರೇಟ್ ಹೇಳುವವರೇ. ಗೇಟಿನ ಹೊರಗೆ ನಿಂತು, ಒಳಗೂ ಬರದೆ, ‘ಒಂದು ಕೋಟಿ ನಲವತ್ತಕ್ಕೆ ಮಾಡಿಸ್ತೀನಿ ಸಾರ್’ ಅಂದರು. ನಮಗೆ ಖುಷಿಯೋ ಖುಷಿ. ಒಂದು ತಿಂಗಳಾದ ಮೇಲೆ ‘ಮಾರ್ಕೆಟ್ ಡಲ್ ಇದೆ’ ಶುರುವಾಯಿತು. ಆಮೇಲೆ ವಾರಕ್ಕೊಂದು ಐದು ಲಕ್ಷ ಇಳಿಸಿ ಅನ್ನುವ ಫೋನು. ದೊಡ್ಡ ರೇಟ್ ಹೇಳುವುದು ನಮ್ಮನ್ನು ಹಿಡಿದಿಡುವ ಉಪಾಯ ಅಷ್ಟೇ. ರೇಟ್ ಹೇಳಿದವರನ್ನು ಒಂದೇ ಒಂದು ಪ್ರಶ್ನೆ ಕೇಳಿ: ಈ ರಸ್ತೆಯಲ್ಲಿ, ಇಲ್ಲಾ ಪಕ್ಕದ ಕ್ರಾಸ್‌ನಲ್ಲಿ, ಇತ್ತೀಚೆಗೆ ಯಾವ ಮನೆ ಮಾರಿಸಿಕೊಟ್ಟಿರಿ? ಮನೆ ತೋರಿಸಿದರೆ, ಮಾರಿದವರ ಜೊತೆ ಮಾತಾಡಿಸಿದರೆ ಮುಂದಿನ ಮಾತು. ಮಾತು ತೇಲಿಸಿದರೆ ಕಾಫಿ ಕೊಟ್ಟು ಕಳಿಸಿ.

ಎರಡನೆಯ ಬಗೆಯವರು ಕಮಿಷನ್ನೇ ಕೇಳುವುದಿಲ್ಲ. ‘ನಿಮ್ಮ ಕೈಗೆ ಎಷ್ಟು ಬರಬೇಕು ಹೇಳಿಬಿಡಿ, ಮೇಲೆ ಬಂದದ್ದು ನನಗೆ’ ಅನ್ನುತ್ತಾರೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಆ ಕ್ಷಣದಿಂದ ಅವರ ಲಾಭ ಇರುವುದು ನಿಮ್ಮ ಮನೆಯ ಬೆಲೆಯನ್ನು ನಿಮ್ಮಿಂದಲೇ ಮುಚ್ಚಿಡುವುದರಲ್ಲಿ. ಕೊಳ್ಳುವವರನ್ನು ನಿಮ್ಮ ಜೊತೆ ಕೂರಿಸಿ ಮಾತಾಡಿಸುವುದೇ ಇಲ್ಲ.

ಇದರ ದೊಡ್ಡಣ್ಣ ನಿಮ್ಮ ಎರಡನೇ ಬ್ರೋಕರ್ ಹೇಳುತ್ತಿರುವ ಅಗ್ರಿಮೆಂಟ್. ನಮ್ಮ ಸೋದರಮಾವ ಇದಕ್ಕೆ ಸಿಕ್ಕಿಬಿದ್ದರು. ಎರಡು ಲಕ್ಷ ಅಡ್ವಾನ್ಸ್, ಆರು ತಿಂಗಳ ಗಡುವು. ಕರಾರಿನಲ್ಲಿ ‘ಖರೀದಿದಾರರು ಅಥವಾ ಅವರು ಸೂಚಿಸುವವರ ಹೆಸರಿಗೆ’ ಅನ್ನುವ ಒಂದು ಸಾಲಿತ್ತು. ಮಾವ ಅದನ್ನು ಓದಿದ್ದರು, ಅರ್ಥ ಮಾಡಿಕೊಂಡಿರಲಿಲ್ಲ. ಆ ಬ್ರೋಕರ್ ಅದೇ ಕಾಗದ ಹಿಡಿದು ಮನೆಯನ್ನು ಬೇರೆಯವರಿಗೆ ತೋರಿಸುತ್ತಾ ಓಡಾಡಿದರು. ಆರು ತಿಂಗಳು ಮುಗಿಯಿತು, ಗಿರಾಕಿ ಸಿಗಲಿಲ್ಲ. ಮಾವನೇ ಬೇರೆ ಗಿರಾಕಿ ಹುಡುಕಿದರೆ, ‘ನನ್ನ ಅಗ್ರಿಮೆಂಟ್ ಇದೆ, ಕೋರ್ಟಿಗೆ ಹೋಗ್ತೀನಿ’ ಎಂದರು. ಕರಾರಿನ ಪ್ರಕಾರ ಕ್ರಯ ಮಾಡಿಸಿಕೊಡಿ ಎಂದು ದಾವೆ ಹೂಡಲು ಮೂರು ವರ್ಷ ಸಮಯ ಇರುತ್ತದೆ. ಅಂಥ ಬೆದರಿಕೆ ಕೇಳಿದ ಮೇಲೆ ಯಾವ ಗಿರಾಕಿ ನಿಲ್ಲುತ್ತಾನೆ? ಕೊನೆಗೆ ತೆಗೆದುಕೊಂಡ ಎರಡು ಲಕ್ಷದ ಮೇಲೆ ಇನ್ನೂ ಮೂರು ಕೊಟ್ಟು ಕರಾರು ರದ್ದು ಮಾಡಿಸಿಕೊಂಡರು. ಅಗ್ರಿಮೆಂಟ್‌ಗೆ ಸಹಿ ಬಿದ್ದ ಮೇಲೆ ಆತ ನಿಮ್ಮ ಬ್ರೋಕರ್ ಅಲ್ಲ, ಕೊಳ್ಳುವ ಪಾರ್ಟಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಆ ಐದು ಲಕ್ಷ ಮುಟ್ಟುತ್ತಿರಲಿಲ್ಲ.

ನಮ್ಮ ಮನೆ ಮಾರಿಸಿಕೊಟ್ಟವರು ಅರವತ್ತು ದಾಟಿದ ಒಬ್ಬ ಹಿರಿಯರು. ಬಂದವರು ರೇಟ್ ಮಾತೇ ಎತ್ತಲಿಲ್ಲ. ‘ಖಾತೆ ಯಾರ ಹೆಸರಲ್ಲಿದೆ?’ ಅಂದರು. ಖಾತೆ ಅಂದರೆ ಪಾಲಿಕೆಯಲ್ಲಿರುವ ಆಸ್ತಿ ದಾಖಲೆ, ಅದು ಅಪ್ಪನ ಹೆಸರಲ್ಲೇ ಇತ್ತು. ‘ವಿಲ್ ಇದೆಯಾ? ಎಷ್ಟು ಜನ ಮಕ್ಕಳು?’ ಇಬ್ಬರು ತಂಗಿಯರು, ಇಬ್ಬರಿಗೂ ಮದುವೆಯಾಗಿದೆ ಅಂದೆ. ‘ಅವರಿಬ್ಬರ ಸಹಿ, ಅಮ್ಮನ ಸಹಿ ಇಲ್ಲದೆ ನಾನು ಯಾರನ್ನೂ ಕರೆದುಕೊಂಡು ಬರಲ್ಲ’ ಅಂದುಬಿಟ್ಟರು. ನನಗೆ ಸ್ವಲ್ಪ ಸಿಟ್ಟೇ ಬಂತು. ಆದರೆ ಅವರು ಹೇಳಿದ್ದು ಸರಿ. ಅಪ್ಪ ಸ್ವಂತ ದುಡಿಮೆಯಲ್ಲಿ ಮಾಡಿದ ಆಸ್ತಿ, ವಿಲ್ ಇಲ್ಲ ಅಂದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಅಜ್ಜಿ, ಅಂದರೆ ಅಪ್ಪನ ಅಮ್ಮ, ಬದುಕಿದ್ದರೆ ಅವರಿಗೂ ಒಂದು ಪಾಲು.

ಆಮೇಲೆ ‘ಫಾರಿನ್‌ನಲ್ಲಿ ಯಾರಾದರೂ ಇದ್ದಾರಾ?’ ಅಂತಲೂ ಕೇಳಿದರು. ಚಿಕ್ಕ ತಂಗಿ ದುಬೈನಲ್ಲಿದ್ದಾಳೆ. ಇಲ್ಲೇ ಇರುವವರು ಮಾರಿದರೆ, ಬೆಲೆ 50 ಲಕ್ಷ ಅಥವಾ ಜಾಸ್ತಿ ಇದ್ದಾಗ ಕೊಳ್ಳುವವರು ಶೇ 1 ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಹಿಡಿಯುತ್ತಾರೆ. ಎನ್‌ಆರ್‌ಐ ಪಾಲಿಗೆ ಆ ಶೇ 1ರ ಲೆಕ್ಕ ನಡೆಯುವುದಿಲ್ಲ, ಹಿಡಿಯುವ ಮೊತ್ತ ತುಂಬಾ ಜಾಸ್ತಿ. ಮೊದಲೇ ಆಡಿಟರ್ ಹತ್ತಿರ ಹೋಗಿ ಅನ್ನುವ ಸಲಹೆ ಬಂದದ್ದು ಅವರಿಂದಲೇ. ರಿಜಿಸ್ಟ್ರೇಷನ್ ದಿನ ಇದು ಗೊತ್ತಾಗಿದ್ದರೆ ಅಲ್ಲೇ ಜಗಳ ಆಗುತ್ತಿತ್ತು.

ಖಾತೆ ನಮ್ಮ ಹೆಸರಿಗೆ ಮಾಡಿಸಿ, ಇ-ಖಾತೆ (ಅದರ ಡಿಜಿಟಲ್ ರೂಪ) ತೆಗೆಸಿ, ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸುವಷ್ಟರಲ್ಲಿ ನಾಲ್ಕು ತಿಂಗಳು ಹೋಯಿತು. ಅಷ್ಟೂ ದಿನ ಅವರಿಗೆ ಒಂದು ರೂಪಾಯಿ ಹುಟ್ಟಲಿಲ್ಲ. ಈಗ ನಗರಗಳಲ್ಲಿ ಇ-ಖಾತೆ ಇಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ, ಹಾಗಾಗಿ ಈ ಕೆಲಸ ಹೇಗೂ ಆಗಲೇಬೇಕು. ಅದನ್ನು ಮೊದಲ ದಿನವೇ ಹೇಳುವವರು ನಿಮ್ಮ ಬ್ರೋಕರ್. ಮನೆ ಕೊನೆಗೆ ಒಂದು ಕೋಟಿ ಇಪ್ಪತ್ತೆರಡಕ್ಕೆ ಹೋಯಿತು.

ಕಮಿಷನ್‌ಗೆ ಬಂದರೆ, ಕಾನೂನಿನಲ್ಲಿ ಇಂತಿಷ್ಟೇ ಅಂತ ಇಲ್ಲ. ನಾವು ಕೊಟ್ಟದ್ದು ಶೇ 1. ಶೇ 2 ಕೇಳಿದ್ದಾರೆ ಅಂತ ಆ ಮೂರನೆಯವರನ್ನು ಬಿಡಬೇಡಿ, ಚೌಕಾಸಿ ಮಾಡಿ. ಬಾಯಿಬಿಟ್ಟು ಕಮಿಷನ್ ಕೇಳುವವರೇ ವಾಸಿ. ಕೊಳ್ಳುವವರಿಂದಲೂ ತಗೋತೀರಾ ಅಂತ ನೇರವಾಗಿ ಕೇಳಿ. ಎರಡೂ ಕಡೆ ತೆಗೆದುಕೊಳ್ಳುವುದು ಇಲ್ಲಿ ಮಾಮೂಲು, ಮುಚ್ಚಿಟ್ಟರೆ ಮಾತ್ರ ಅನುಮಾನ ಪಡಿ. ಎಷ್ಟು, ಯಾವಾಗ ಅನ್ನುವುದನ್ನು ವಾಟ್ಸಾಪ್‌ನಲ್ಲಾದರೂ ಬರೆದು ಕಳಿಸಿ, ‘ಸರಿ’ ಅನ್ನಿಸಿಕೊಳ್ಳಿ. ದುಡ್ಡು ರಿಜಿಸ್ಟ್ರೇಷನ್ ಆದ ದಿನ.

ಇನ್ನೊಂದು. ‘ಬೆಂಗಳೂರಿಂದ ಯಾಕೆ ಓಡಾಡ್ತೀರಿ, ಜಿಪಿಎ ಮಾಡಿಕೊಡಿ’ ಅಂತ, ಅಂದರೆ ನಿಮ್ಮ ಪರವಾಗಿ ಸಹಿ ಮಾಡುವ ಅಧಿಕಾರಪತ್ರ ಕೊಡಿ ಅಂತ, ಯಾರಾದರೂ ಅಂದರೆ ಬೇಡ ಅನ್ನಿ. ನಮ್ಮ ತಂಗಿ ಕೊಟ್ಟದ್ದು ನನಗೆ, ಬ್ರೋಕರ್‌ಗಲ್ಲ. ಮೂಲಪತ್ರ ಕೈಬಿಡಬೇಡಿ, ಜೆರಾಕ್ಸ್ ಸಾಕು. ಬೀಗದ ಕೈ ಪಕ್ಕದ ಮನೆಯವರ ಹತ್ತಿರ ಇರಲಿ, ಯಾರು ಎಷ್ಟು ಸಲ ಬಂದರು ಅನ್ನುವ ವರದಿ ಬಿಟ್ಟಿಯಾಗಿ ಸಿಗುತ್ತೆ! ಟೋಕನ್, ಅಂದರೆ ಗಿರಾಕಿ ಮೊದಲು ಕೊಡುವ ಮುಂಗಡ, ಬ್ಯಾಂಕಿಗೇ ಹಾಕಿಸಿಕೊಳ್ಳಿ. 20,000 ರೂಪಾಯಿ ಅಥವಾ ಜಾಸ್ತಿ ನಗದಾಗಿ ತೆಗೆದುಕೊಂಡರೆ, ತೆಗೆದುಕೊಂಡಷ್ಟೇ ದಂಡ ಬೀಳಬಹುದು, ಅದೂ ನಿಮಗೆ.

ಬ್ರೋಕರ್ ಹತ್ತಿರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇರಬೇಕಾ ಅಂತಲೂ ಕೇಳಿದ್ದೀರಿ. ರೇರಾದಲ್ಲಿ ನೋಂದಣಿಯಾದ ಹೊಸ ಲೇಔಟ್, ಅಪಾರ್ಟ್‌ಮೆಂಟ್ ಮಾರಿಸುವ ಏಜೆಂಟ್‌ಗೆ ಕಡ್ಡಾಯ. 2016ರ ಕಾಯ್ದೆಯಲ್ಲಿ ನೋಂದಣಿ ಇಲ್ಲದವರಿಗೆ ದಿನಕ್ಕೆ 10,000 ರೂಪಾಯಿ ದಂಡ ಇದೆ. ನಿಮ್ಮದು ಹಳೇ ಮನೆ, ಆ ನಿಯಮದೊಳಗೆ ಬರುವುದಿಲ್ಲ. ನಮ್ಮ ಹಿರಿಯರ ಹತ್ತಿರ ನಂಬರೂ ಇರಲಿಲ್ಲ, ವಿಸಿಟಿಂಗ್ ಕಾರ್ಡೂ ಇರಲಿಲ್ಲ. ಆದರೆ ಮನೆ ಮಾರಿದ ದುಡ್ಡಲ್ಲಿ ಬೆಂಗಳೂರಲ್ಲಿ ಹೊಸ ಫ್ಲಾಟ್ ನೋಡುವ ಯೋಚನೆ ಇದ್ದರೆ, ಆಗ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಏಜೆಂಟ್ ಹೆಸರು ಹಾಕಿ ನೋಡಿ. ಅಲ್ಲಿ ‘ನಿಮಗೆ ಕಮಿಷನ್ ಇಲ್ಲ, ಬಿಲ್ಡರ್ ಕೊಡ್ತಾರೆ’ ಅನ್ನುವವರು ಸಿಗುತ್ತಾರೆ. ಅವರು ಬಿಲ್ಡರ್ ಕಡೆಯವರು ಅಂತಲೇ ತಿಳಿದು ಮಾತಾಡಿ.

ನಿಮ್ಮ ಮೂವರಲ್ಲಿ ಖಾತೆ ಯಾರ ಹೆಸರಲ್ಲಿದೆ ಅಂತ ಕೇಳಿದವರು ಯಾರಾದರೂ ಇದ್ದಾರಾ? ಇಲ್ಲ ಅಂದರೆ ನಾಲ್ಕನೆಯವರನ್ನು ಹುಡುಕಿ.