ರೋಗಿಯ ಪ್ರತಿಕಾಯಕ್ಕೆ ಜೊತೆಗೂಡುವ ಪೆಪ್ಟೈಡ್ ಯಾವುದು?

ಪ್ರಶ್ನೆ: ಕೆಲವು ರೋಗಗಳಲ್ಲಿ ಪ್ರತಿಕಾಯಗಳು ಹೇರಳವಾಗಿದ್ದರೂ ಅವು ಯಾವುದರ ವಿರುದ್ಧ ಹುಟ್ಟಿದವೆಂಬುದು ತಿಳಿಯುವುದಿಲ್ಲವಂತೆ. ಅದನ್ನು ಪತ್ತೆ ಹಚ್ಚಲು ‘ಫೇಜ್ ಡಿಸ್‌ಪ್ಲೇ’ ಹೇಗೆ ನೆರವಾಗುತ್ತದೆ? ಸಿಕ್ಕ ಪೆಪ್ಟೈಡೇ ರೋಗದ ಮೂಲವೆ?
– ಜೀವವಿಜ್ಞಾನದ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದು ಒಳ್ಳೆಯದು: ಅಲ್ಲ, ಅದು ಸುಳಿವು ಮಾತ್ರ.

ಬ್ಯಾಕ್ಟೀರಿಯಾಕ್ಕೆ ಸೋಂಕು ತಗುಲಿಸುವ ನೂಲಿನಂಥ, ಫೇಜ್ ಎಂಬ ವೈರಸ್‌ನ ಹೊರಕವಚದ ಪ್ರೋಟೀನಿಗೆ ಅನ್ಯ ಪೆಪ್ಟೈಡನ್ನು (ಅಮೈನೊ ಆಮ್ಲಗಳ ಚಿಕ್ಕ ಸರಪಳಿಯನ್ನು) ಜೋಡಿಸಬಹುದೆಂದು ಮಿಸೌರಿ ವಿಶ್ವವಿದ್ಯಾಲಯದ ಜಾರ್ಜ್ ಸ್ಮಿತ್ 1985ರಲ್ಲಿ ತೋರಿಸಿದರು; ಇದೇ ಫೇಜ್ ಡಿಸ್‌ಪ್ಲೇ. 2018ರ ರಸಾಯನ ವಿಜ್ಞಾನದ ನೊಬೆಲ್‌ನಲ್ಲಿ ಅವರಿಗೂ ಪಾಲು ದೊರೆಯಿತು. ಪೆಪ್ಟೈಡ್ ಹೊರಗೆ, ಅದನ್ನು ಬರೆದಿಟ್ಟ ಡಿಎನ್‌ಎ ಅದೇ ಫೇಜಿನ ಒಳಗೆ ಇರುವುದರಿಂದ, ಅಂಟಿಕೊಂಡದ್ದು ಯಾವುದೆಂದು ಡಿಎನ್‌ಎ ಓದಿಯೇ ತಿಳಿಯಬಹುದು. ಏಳು ಅಮೈನೊ ಆಮ್ಲಗಳ ಪೆಪ್ಟೈಡಿಗೆ 128 ಕೋಟಿ ಜೋಡಣೆಗಳು ಸಾಧ್ಯ. ಇಂಥ ಅಪಾರ ಸಂಗ್ರಹವನ್ನು ಒಂದೇ ಹನಿಯಲ್ಲಿ ಹಿಡಿದಿಡಬಹುದು.

ರೋಗಿಯ ಪ್ರತಿಕಾಯಗಳನ್ನು ಪ್ಲಾಸ್ಟಿಕ್ ತಟ್ಟೆಯ ಗುಳಿಗಳಲ್ಲಿ ಕೂರಿಸಿ, ಮೇಲೆ ಫೇಜ್ ದ್ರಾವಣವನ್ನು ಸುರಿದು, ಅಂಟದವನ್ನು ತೊಳೆದು, ಅಂಟಿದವನ್ನು ಪಿಎಚ್ 2.2ರಷ್ಟು ಆಮ್ಲೀಯವಾದ ದ್ರಾವಣದಿಂದ ಬಿಡಿಸಿ, ಕೂಡಲೇ ಆಮ್ಲವನ್ನು ತಟಸ್ಥಗೊಳಿಸಿ, ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಸುತ್ತಾರೆ. ಇದನ್ನೇ ಮೂರು ನಾಲ್ಕು ಸುತ್ತು ನಡೆಸಿದಾಗ ಬಿಗಿಯಾಗಿ ಹಿಡಿಯುವವು ಮೇಲುಗೈ ಪಡೆಯುತ್ತವೆ.

ಆದರೆ ಕೇವಲ ವೇಗವಾಗಿ ಬೆಳೆಯುವ ಫೇಜ್‌ಗಳೂ, ಪ್ರತಿಕಾಯವನ್ನು ಬಿಟ್ಟು ಪ್ಲಾಸ್ಟಿಕ್ಕಿಗೇ ಅಂಟುವ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ಹೆಚ್ಚಿರುವ ಪೆಪ್ಟೈಡ್‌ಗಳೂ ಹೀಗೆಯೇ ಮೇಲೆ ಬರುತ್ತವೆ. ಆದ್ದರಿಂದ, ಕನಿಷ್ಠ ಪ್ಲಾಸ್ಟಿಕ್ಕಿಗೆ ಅಂಟುವವನ್ನಾದರೂ ಕಳೆಯಲು, ಸಂಗ್ರಹವನ್ನು ಮೊದಲು ಆರೋಗ್ಯವಂತರ ಪ್ರತಿಕಾಯಗಳ ಮೇಲೆ ಹಾಯಿಸಿ, ಅಲ್ಲಿ ಅಂಟಿದವನ್ನು ಕೈಬಿಡಬೇಕು. ಈ ಹಂತವಿಲ್ಲದ ಫಲಿತಾಂಶವನ್ನು ನಾನು ನಂಬಲಾರೆ.

ದಡಾರ ಬಂದು ಹೋದ ವರ್ಷಗಳ ನಂತರ ಮಿದುಳನ್ನು ಕೆಡಿಸುವ ಎಸ್‌ಎಸ್‌ಪಿಇ ಎಂಬ ಕಾಯಿಲೆಯಲ್ಲಿ ಈ ವಿಧಾನ ಒರೆಗೆ ನಿಂತಿದೆ: ರೋಗಿಯ ಮಿದುಳಿನ ಪ್ರತಿಕಾಯಗಳು ಆರಿಸಿದ ಪೆಪ್ಟೈಡ್‌ಗಳು ದಡಾರ ವೈರಸ್‌ನ ಜೀನುಗಳನ್ನು ಸುತ್ತುವ ನ್ಯೂಕ್ಲಿಯೊಕ್ಯಾಪ್ಸಿಡ್ ಪ್ರೋಟೀನಿನತ್ತ ಬೆರಳು ತೋರಿದವು. ನರಗಳ ಹೊದಿಕೆ ಕೆಡುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಮಾತ್ರ ಮಿದುಳು ಮತ್ತು ಬೆನ್ನುಹುರಿಯನ್ನು ಆವರಿಸಿರುವ ದ್ರವದ ಪ್ರತಿಕಾಯಗಳು ಪೆಪ್ಟೈಡ್‌ಗಳನ್ನು ಆರಿಸಿದರೂ, ಎಲ್ಲ ರೋಗಿಗಳಿಗೂ ಸಲ್ಲುವ ಒಂದು ಮೂಲ ಪ್ರತಿಜನಕ (ಪ್ರತಿಕಾಯವನ್ನು ಹುಟ್ಟಿಸಿದ ವಸ್ತು) ಅದರಿಂದ ಸ್ಥಿರಪಟ್ಟಿಲ್ಲ. ಪ್ರತಿಕಾಯವು ಹಲವು ಬಾರಿ ಪ್ರೋಟೀನಿನ ಮಡಿಕೆಯ ಆಕಾರವನ್ನು ಗುರುತಿಸುತ್ತದೆ. ಆ ಆಕಾರವನ್ನು ಅನುಕರಿಸುವ ಪೆಪ್ಟೈಡಿನ ಅಮೈನೊ ಆಮ್ಲಗಳ ಸರಣಿಗೂ ಮೂಲ ಪ್ರೋಟೀನಿನದಕ್ಕೂ ಹೋಲಿಕೆಯೇ ಇರದಿರಬಹುದು. ಹಾಗಿದ್ದರೂ ಅಂಥ ಅನುಕರಣೆ ಅನೇಕ ರೋಗಿಗಳ ಮಾದರಿಗಳಲ್ಲಿ ಅಂಟಿ, ಆರೋಗ್ಯವಂತರಲ್ಲಿ ಅಂಟದಿದ್ದರೆ, ಮೂಲ ತಿಳಿಯುವ ಮುನ್ನವೇ ರೋಗ ಪತ್ತೆಯ ಪರೀಕ್ಷೆಗೆ ಒದಗುತ್ತದೆ.