ಮೂಗಿನ ಪಕ್ಕದ ಹುಣ್ಣು ಮತ್ತು ಟೀ ಟ್ರೀ ಎಣ್ಣೆ

ಓದುಗರೊಬ್ಬರ ಪತ್ರ: ತಂದೆಯವರ ಮೂಗಿನ ಪಕ್ಕ ನಾಲ್ಕು ತಿಂಗಳಿಂದ ಒಂದು ಹುಣ್ಣು. ಹಕ್ಕಳೆ ಕಟ್ಟುತ್ತದೆ, ಟವೆಲಿನಲ್ಲಿ ಮುಖ ಒರೆಸಿದರೆ ರಕ್ತ ಜಿನುಗುತ್ತದೆ, ಮತ್ತೆ ಮಾಯ್ದಂತೆ ಕಾಣುತ್ತದೆ. ಬೇಸಲ್ ಸೆಲ್ ಎಂಬ ಚರ್ಮದ ಕ್ಯಾನ್ಸರ್ ಇರಬಹುದು, ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾಡಿಸಿ ಎಂದಿದ್ದಾರೆ ವೈದ್ಯರು. ‘ಟೀ ಟ್ರೀ ಎಣ್ಣೆ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದಂತೆ, ಎರಡು ತಿಂಗಳು ಹಚ್ಚಿ ನೋಡೋಣ’ ಎನ್ನುತ್ತಾರೆ ಮನೆಯವರು. ಏನು ಮಾಡಲಿ?

ಸಂಪಾದಕರ ಉತ್ತರ: ಮೊದಲು ಬಯಾಪ್ಸಿ ಮಾಡಿಸಿ. ಈ ಉತ್ತರವನ್ನು ಆಸ್ಪತ್ರೆಯಲ್ಲಿ ಸರದಿಗೆ ಕಾಯುವಾಗ ಓದಿದರೂ ನಡೆಯುತ್ತದೆ.

ಮನೆಯವರು ಓದಿದ್ದು ಸುಳ್ಳೇನಲ್ಲ. ಆಸ್ಟ್ರೇಲಿಯಾದ ಒಂದು ಮರದ ಎಲೆಯಿಂದ ತೆಗೆಯುವ ಆ ಎಣ್ಣೆಯ ಮುಖ್ಯ ಅಂಶವಾದ ಟರ್ಪಿನೆನ್-4-ಓಲ್ ಪ್ರಯೋಗಾಲಯದಲ್ಲಿ ಮೆಲನೋಮ ಎಂಬ ಇನ್ನೊಂದು ಚರ್ಮದ ಕ್ಯಾನ್ಸರಿನ ಕೋಶಗಳನ್ನು ಕೊಂದಿದೆ. ಇಲಿಗಳ ಚರ್ಮದಡಿ ಬೆಳೆಸಿದ ಗೆಡ್ಡೆಗಳ ಮೇಲೆ ಶೇ 10ರ ಎಣ್ಣೆ ಹಚ್ಚಿದಾಗ ಅವುಗಳ ಬೆಳವಣಿಗೆಯೂ ನಿಧಾನವಾಗಿದೆ. ಆದರೆ ಎಣ್ಣೆ ಒಳಗಿಳಿಯಲೆಂದು ಡಿಎಂಎಸ್‌ಒ ಎಂಬ ದ್ರಾವಕವನ್ನು ಬೆರೆಸಿದ್ದರು; ಅಂಗಡಿಯ ಸೀಸೆಯಲ್ಲಿ ಅದಿರುವುದಿಲ್ಲ. ಗಾಜಿನ ತಟ್ಟೆಯಲ್ಲಿ ಕೋಶಗಳು ತೆಳುವಾಗಿ ಹರಡಿಕೊಂಡು ಎಣ್ಣೆಗೆ ಮೈಯೊಡ್ಡಿರುತ್ತವೆ. ಮೂಗಿನ ಮೇಲಿನ ಹುಣ್ಣಿಗೆ ಕಣ್ಣಿಗೆ ಕಾಣದ ಬೇರುಗಳಿರಬಹುದು.

ಎಣ್ಣೆ ಏನೂ ಮಾಡದಿದ್ದರೆ ನೀವೇ ಬೇಸತ್ತು ಆಸ್ಪತ್ರೆಗೆ ಓಡುತ್ತೀರಿ. ನನಗೆ ಹೆದರಿಕೆ ಅದು ಅರ್ಧ ಗೆದ್ದರೆ ಎಂಬುದು. ಮೇಲೆ ಹುಣ್ಣು ಒಣಗುತ್ತದೆ, ಎಲ್ಲರೂ ನಿರಾಳರಾಗುತ್ತೀರಿ, ಅಡಿಯಲ್ಲಿ ಅದು ಬೆಳೆಯುತ್ತಲೇ ಇರುತ್ತದೆ.

ಸಸ್ಯದ ಮದ್ದೆಂದರೆ ನನಗೆ ತಾತ್ಸಾರವಿಲ್ಲ. ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧ ಬಂದದ್ದು ನಿತ್ಯಪುಷ್ಪದಿಂದಲೇ. ಯೂಫೋರ್ಬಿಯಾ ಪೆಪ್ಲಸ್ ಎಂಬ ಕಳೆಗಿಡದ ಹಾಲಿನಿಂದ ತೆಗೆದ ಇಂಜೆನಾಲ್ ಮೆಬುಟೇಟ್‌ನ ಕಥೆ ಕೇಳಿ. ಬಿಸಿಲಿಗೆ ಒರಟಾಗಿ, ಮುಂದೆ ಕ್ಯಾನ್ಸರ್ ಆಗಬಹುದಾದ ಚರ್ಮಕ್ಕೆಂದು ಅಮೆರಿಕ 2012ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆಮೇಲಿನ ಅಧ್ಯಯನದಲ್ಲಿ, ಹೋಲಿಕೆಗೆ ಇಟ್ಟುಕೊಂಡಿದ್ದ ಇನ್ನೊಂದು ಔಷಧಕ್ಕಿಂತ ಇದನ್ನು ಹಚ್ಚಿದ ಜಾಗದಲ್ಲೇ ಹೆಚ್ಚು ಚರ್ಮದ ಕ್ಯಾನ್ಸರ್ ಕಂಡಿತು. 2020ರಲ್ಲಿ ಯುರೋಪಿನ ಮಾರುಕಟ್ಟೆಯಿಂದ ಅದು ಹೊರಬಿತ್ತು. ಅಳತೆ ಮಾಡಿ, ಪರೀಕ್ಷಿಸಿ ಕೊಟ್ಟ ಔಷಧದ ಪಾಡೇ ಇದು. ಸೀಸೆಯ ಎಣ್ಣೆಯ ಮೇಲೆ ಕಣ್ಣಿಟ್ಟವರು ಯಾರು?

ಬೇಸಲ್ ಸೆಲ್ ಎಂದೇ ಖಚಿತವಾದರೂ ಗಾಬರಿಯಾಗಬೇಡಿ. ಅದು ದೇಹದ ಬೇರೆಡೆಗೆ ಹರಡುವುದು ತೀರಾ ಅಪರೂಪ. ಪದರ ಪದರವಾಗಿ ತೆಗೆದು, ಅಂಚನ್ನು ಸೂಕ್ಷ್ಮದರ್ಶಕದಡಿ ನೋಡುತ್ತ ಹೋಗುವ ಮೋಸ್ ಶಸ್ತ್ರಚಿಕಿತ್ಸೆಯಲ್ಲಿ, ಮೊದಲ ಬಾರಿಯ ಗೆಡ್ಡೆಗಳು ವಾಸಿಯಾಗುವ ಪ್ರಮಾಣ ಶೇ 99ರ ಆಸುಪಾಸು.

ಎಣ್ಣೆಯನ್ನು ಈಗಾಗಲೇ ಹಚ್ಚಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ. ಕೆರಳಿದ ಚರ್ಮವನ್ನು ನೋಡಿ ಅವರ ಕಣ್ಣೂ ಮೋಸಹೋಗಬಹುದು.